ಚಿತ್ರವೊಂದು, ಮಾತು ಹಲವು: ವಿಜ್ಞಾನ ತರಗತಿಯ ವರ್ಧಿತ ವಾಸ್ತವ ಮತ್ತು ಗುಜರಾತಿನ ಮೂರು ನಗರಗಳು

ವಿದ್ಯಾರ್ಥಿಯು ತನ್ನೆದುರಿನ ವಸ್ತುವನ್ನು ಮೊಬೈಲಿನ ಕ್ಯಾಮೆರಾದ ಮೂಲಕ ನೋಡುವಾಗ, ಆ ವಸ್ತುವಿನ ಮೇಲೆಯೇ ಗಣಕವು ರಚಿಸಿದ ರೇಖೆ, ಆಕೃತಿ ಅಥವಾ ಅಕ್ಷರಗಳು ಬಂದು ಕೂರುವ ಏರ್ಪಾಟಿಗೆ ಇಂಗ್ಲಿಷಿನಲ್ಲಿ ಆಗ್ಮೆಂಟೆಡ್ ರಿಯಾಲಿಟಿ ಎಂದು ಹೆಸರು. ಕನ್ನಡದಲ್ಲಿ ಇದನ್ನು ‘ವರ್ಧಿತ ವಾಸ್ತವ’ ಎಂದು ಕರೆಯುವ ರೂಢಿ ಬಂದಿದೆ. ಗುಜರಾತಿಯಲ್ಲಿ ‘ಸಂವರ್ಧಿತ ವಾಸ್ತವಿಕತಾ’ ಎಂಬ ರೂಪವಿದೆ. ಎರಡೂ ಪದಗಳ ಬಗ್ಗೆ ನಮಗೆ ಪೂರ್ಣ ಸಮಾಧಾನವಿಲ್ಲ. ವಾಸ್ತವವು ಯಾವ ಯಂತ್ರದಿಂದಲೂ ವರ್ಧಿಸುವುದಿಲ್ಲ, ವರ್ಧಿಸುವುದು ನೋಡುವವನ ನೋಟ ಮಾತ್ರ. ಆದರೆ ಬಳಕೆಗೆ ಬಂದ ಪದವನ್ನು ಕೇವಲ ವ್ಯುತ್ಪತ್ತಿಯ ಬಲದಿಂದ ಹೊರದೂಡುವುದು ವಿದ್ವಾಂಸರ ಹಳೆಯ ಚಪಲವಾದ್ದರಿಂದ, ಪ್ರಸ್ತುತ ಲೇಖನದಲ್ಲಿ ನಾವು ‘ವರ್ಧಿತ ವಾಸ್ತವ’ ಎಂಬುದನ್ನೇ ಉಳಿಸಿಕೊಂಡಿದ್ದೇವೆ.

ವಿಜ್ಞಾನದ ತರಗತಿಯಲ್ಲಿ ಈ ಸಾಧನದ ಪಾತ್ರವೇನು ಎಂಬುದನ್ನು ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳ ಹಿನ್ನೆಲೆಯಲ್ಲಿ ವಿವರಿಸುವುದು ಇಲ್ಲಿನ ಉದ್ದೇಶ. ಸಾಹಿತ್ಯದ ಅಧ್ಯಯನಕಾರರಿಗೆ ಇಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಗಾಳಿಯಲ್ಲಿ ತೇಲುವ ಚಿತ್ರದ ಪಕ್ಕದಲ್ಲಿ ಒಂದು ಹೆಸರುಪಟ್ಟಿ ಇರುತ್ತದೆ. ಆ ಹೆಸರು ಒಂದಲ್ಲ ಒಂದು ಭಾಷೆಯಲ್ಲಿ ಇರಲೇಬೇಕು. ಚಿತ್ರವನ್ನು ಕುರಿತು ಶಿಕ್ಷಣತಜ್ಞರು ಸಾಕಷ್ಟು ಬರೆದಿದ್ದಾರೆ. ಪಕ್ಕದ ಹೆಸರನ್ನು ಕುರಿತು ಬರೆದವರು ಕಡಿಮೆ. ಕರ್ನಾಟಕದ ಹೊರಗೆ ಕನ್ನಡದ ಕೆಲಸ ಮಾಡುವವರಿಗೆ ಸಂಬಂಧಿಸಿದ್ದು ಈ ಎರಡನೆಯ ಭಾಗವೇ.

ಮೊದಲು ಸಾಧನದ ಸ್ವರೂಪ. ಈ ಬಗೆಯ ನೋಟಕ್ಕೆ ಬೇಕಾದ ಮೊದಲ ತಲೆಧಾರಕವನ್ನು ಅಮೆರಿಕದ ಐವಾನ್ ಸದರ್ಲ್ಯಾಂಡ್ 1968ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಅದನ್ನು ಚಾವಣಿಯಿಂದ ತೂಗುಹಾಕಬೇಕಾಗಿತ್ತು. ಹೆಸರು ಬಂದದ್ದು ಅದಕ್ಕಿಂತ ಎರಡು ದಶಕ ತಡವಾಗಿ, 1990ರ ಸುಮಾರಿಗೆ: ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ ತಂತಿಗಳನ್ನು ಜೋಡಿಸುವ ಕೆಲಸಗಾರರಿಗೆ ಹಲಗೆಯ ಮೇಲೆಯೇ ದಾರಿ ತೋರಿಸುವ ಉಪಾಯ ಹುಡುಕುತ್ತಿದ್ದ ಟಾಮ್ ಕಾಡೆಲ್ ಅವರಿಗೆ ಈ ಪದಪುಂಜದ ಶ್ರೇಯಸ್ಸು ಸಲ್ಲುತ್ತದೆ. 1997ರಲ್ಲಿ ರೊನಾಲ್ಡ್ ಅಜುಮಾ ಅವರು ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿದರು. ನಿಜವೂ ಕಲ್ಪಿತವೂ ಒಂದೇ ನೋಟದಲ್ಲಿ ಬೆರೆತಿರಬೇಕು. ನೋಡುವವನ ಚಲನೆಗೆ ಅದು ಆ ಕ್ಷಣವೇ ಸ್ಪಂದಿಸಬೇಕು. ಕಲ್ಪಿತ ವಸ್ತುವು ಮೂರು ಆಯಾಮಗಳಲ್ಲಿ ನಿಜ ವಸ್ತುವಿನೊಡನೆ ಕಚ್ಚಿಕೊಂಡು ನಿಲ್ಲಬೇಕು. ಮೂರನೆಯದೇ ಕಠಿಣ. ಕ್ಯಾಮೆರಾ ಕಂಡ ದೃಶ್ಯದಲ್ಲಿ ಗುರುತಿಸಬಲ್ಲ ಬಿಂದುಗಳನ್ನೋ, ಮುದ್ರಿತ ಕಪ್ಪುಚೌಕದ ಗುರುತನ್ನೋ ತಂತ್ರಾಂಶವು ಹುಡುಕುತ್ತದೆ. ಆ ಗುರುತು ಎಷ್ಟು ಓರೆಯಾಗಿ, ಎಷ್ಟು ದೂರದಲ್ಲಿ ಕಾಣುತ್ತಿದೆಯೆಂಬುದರಿಂದ ಕ್ಯಾಮೆರಾದ ನೆಲೆಯನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ಅನುಗುಣವಾಗಿ ಚಿತ್ರವನ್ನು ಬರೆಯುತ್ತದೆ. ಇದು ಸೆಕೆಂಡಿಗೆ ಹಲವು ಬಾರಿ ನಡೆಯುತ್ತದೆ. ಜಪಾನಿನ ಹಿರೊಕಾಜು ಕಾಟೊ ಅವರು 1999ರಲ್ಲಿ ಹೊರತಂದ ಎಆರ್‌ಟೂಲ್‌ಕಿಟ್ ಎಂಬ ತಂತ್ರಾಂಶವು ಈ ಕಪ್ಪುಚೌಕದ ವಿಧಾನವನ್ನು ಸಾಮಾನ್ಯ ಗಣಕಗಳಿಗೂ ತಂದಿತು.

ಇದನ್ನು ಪಠ್ಯಪುಸ್ತಕಗಳಲ್ಲಿ ಈಗ ಎಲ್ಲೆಡೆ ಕಾಣುವ ಕ್ಯುಆರ್ ಸಂಕೇತದೊಡನೆ ಬೆರೆಸಬಾರದು. 2017ರಲ್ಲಿ ಆರಂಭವಾದ ದೀಕ್ಷಾ ಜಾಲದ ಸಂಕೇತಗಳು ಗುಜರಾತಿನ ಪುಸ್ತಕಗಳಲ್ಲಿಯೂ ಕರ್ನಾಟಕದ ಪುಸ್ತಕಗಳಲ್ಲಿಯೂ ಅಚ್ಚಾಗಿವೆ. ಅವು ವಿದ್ಯಾರ್ಥಿಯನ್ನು ಪುಟದಿಂದ ಬೇರೆಡೆಗೆ, ಒಂದು ದೃಶ್ಯತುಣುಕಿಗೋ ಪ್ರಶ್ನಾವಳಿಗೋ ಕರೆದೊಯ್ಯುತ್ತವೆ. ವರ್ಧಿತ ವಾಸ್ತವವು ಬೇರೆಡೆಯದನ್ನು ಪುಟದ ಮೇಲಕ್ಕೆ, ಮೇಜಿನ ಮೇಲಕ್ಕೆ ತರುತ್ತದೆ. ಕಣ್ಣನ್ನು ಸಂಪೂರ್ಣ ಮುಚ್ಚಿ ಬೇರೊಂದು ಲೋಕವನ್ನೇ ತೋರಿಸುವ ಮಿಥ್ಯಾವಾಸ್ತವದಿಂದಲೂ ಇದು ಭಿನ್ನ.

ನಮ್ಮ ಜನಪದದಲ್ಲಿ ಇದಕ್ಕೆ ಹತ್ತಿರವಾದದ್ದೊಂದು ಇದೆ. ಅಂಜನ ಹಾಕಿ ನೋಡುವುದು ಎಂಬ ಮಾತು ಕನ್ನಡದಲ್ಲಿ ಇಂದಿಗೂ ಜೀವಂತವಾಗಿದೆ. ಕಳೆದ ಒಡವೆಯನ್ನೋ ಹೂತ ನಿಧಿಯನ್ನೋ ಕಾಣಲು ಅಂಗೈಗೆ ಅಥವಾ ವೀಳ್ಯದೆಲೆಗೆ ಕಾಡಿಗೆ ಹಚ್ಚಿ, ಒಂದು ಮಗುವನ್ನು ಕೂರಿಸಿ, ಏನು ಕಾಣುತ್ತದೆ ಹೇಳು ಎಂದು ಕೇಳುವುದು ಅದರ ಕ್ರಮ. ಕಾಣಬೇಕಾದದ್ದೇನೆಂಬುದು ಕೇಳುವವನ ಪ್ರಶ್ನೆಯಲ್ಲಿಯೇ ಅಡಗಿರುತ್ತದೆ. ಮಗು ಅದನ್ನೇ ಕಾಣುತ್ತದೆ. ತರಗತಿಯಲ್ಲಿ ತೆರೆಯನ್ನು ಹಿಡಿದ ಮಗುವಿನ ಸ್ಥಿತಿ ಕೆಲವೊಮ್ಮೆ ಇದಕ್ಕಿಂತ ದೂರವಿಲ್ಲ. ಆದರೆ ಅಂಜನಕ್ಕಿಲ್ಲದ ಒಂದು ಗುಣ ಇದಕ್ಕಿದೆ: ಒಬ್ಬರಿಗೆ ಕಂಡದ್ದು ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಪರೀಕ್ಷಿಸಲು ಬರುತ್ತದೆ. ಪರೀಕ್ಷಿಸುವ ಅಭ್ಯಾಸವನ್ನು ಶಿಕ್ಷಕರು ಬೆಳೆಸುತ್ತಾರೆಯೇ ಎಂಬುದರ ಮೇಲೆ ಈ ಸಾಧನವು ವಿಜ್ಞಾನವೋ ಕಣ್ಕಟ್ಟೋ ಎಂಬುದು ನಿರ್ಧಾರವಾಗುತ್ತದೆ.

ಒಂದು ನಿದರ್ಶನ. ದಂಡಕಾಂತದ ಸುತ್ತಲಿನ ಕ್ಷೇತ್ರರೇಖೆಗಳು ಕಣ್ಣಿಗೆ ಕಾಣುವುದಿಲ್ಲ. ಕಾಗದದ ಮೇಲೆ ಕಬ್ಬಿಣದ ಅರದ ಪುಡಿಯನ್ನು ಚೆಲ್ಲಿ ತಟ್ಟಿದರೆ ಅವುಗಳ ಜಾಡು ಒಂದು ಸಮತಲದಲ್ಲಿ ಮಾತ್ರ ಕಾಣುತ್ತದೆ. ಕಾಂತವನ್ನು ಎಲ್ಲ ಕಡೆಯಿಂದಲೂ ಅವು ಆವರಿಸಿವೆಯೆಂಬುದನ್ನು ಸಮತಲದ ಚಿತ್ರದಿಂದ ಗ್ರಹಿಸುವುದು ಹದಿನೈದರ ವಯಸ್ಸಿನವರಿಗೆ ಸುಲಭವಲ್ಲ. ವರ್ಧಿತ ವಾಸ್ತವದ ನಿಜವಾದ ಬೆಲೆ ಇಲ್ಲಿದೆ. ವಿದ್ಯಾರ್ಥಿ ಮೊಬೈಲನ್ನು ಹಿಡಿದು ಮೇಜಿನ ಸುತ್ತ ನಡೆದರೆ, ರೇಖೆಗಳು ಮೇಲೆ, ಕೆಳಗೆ, ಅಕ್ಕಪಕ್ಕಗಳಲ್ಲಿ ಬಾಗುವುದು ಕಾಣುತ್ತದೆ. ವಡೋದರಾದ ಒಂದು ಶಾಲೆಯಲ್ಲಿ ನಾವು ಕುಳಿತು ನೋಡಿದ ಪಾಠದಲ್ಲಿ ಇದೇ ನಡೆಯುತ್ತಿತ್ತು. ಹಿಂದಿನ ಸಾಲಿನ ಹುಡುಗನೊಬ್ಬ ಕಾಂತದ ಮೇಲಿದ್ದ ಗುರುತುಚೀಟಿಯನ್ನು ಕಿತ್ತು ಕರಿಹಲಗೆ ಒರೆಸುವ ಮರದ ತುಂಡಿಗೆ ಅಂಟಿಸಿದ. ಕ್ಷೇತ್ರರೇಖೆಗಳು ಮರದ ತುಂಡಿನಿಂದಲೂ ಅಷ್ಟೇ ಚೆಲುವಾಗಿ ಹೊರಟವು. ತರಗತಿ ನಕ್ಕಿತು. ಶಿಕ್ಷಕಿ ಗದರಲಿಲ್ಲ; ಹಾಗಾದರೆ ಇದು ನಮಗೆ ತೋರಿಸುತ್ತಿರುವುದು ಏನನ್ನು ಎಂದು ಕೇಳಿದರು. ನಮ್ಮ ದೃಷ್ಟಿಯಲ್ಲಿ ಆ ದಿನದ ಪಾಠವೆಂದರೆ ಅದೇ. ಯಂತ್ರವು ಗುರುತಿಸುವುದು ಚೀಟಿಯನ್ನು, ಕಾಂತತ್ವವನ್ನಲ್ಲ. ಚಿತ್ರವು ಮೊದಲೇ ಬರೆದಿಟ್ಟದ್ದು. ಕಾಂತವು ತನ್ನ ಗುಣವನ್ನು ಕಳೆದುಕೊಂಡಿದ್ದರೂ ತೆರೆಯು ಸುಳ್ಳಾಗಿ ಅದೇ ರೇಖೆಗಳನ್ನು ತೋರಿಸುತ್ತದೆ.

ಹೀಗಾಗಿ ಅರದ ಪುಡಿ ಮೊದಲು, ತೆರೆ ಅನಂತರ ಎಂಬ ಅನುಕ್ರಮವನ್ನು ನಾವು ಮುಖ್ಯವೆಂದು ಭಾವಿಸುತ್ತೇವೆ. ಇನ್ನೊಂದು ದಾರಿಯೂ ಇದೆ. ಬಹುಪಾಲು ಮೊಬೈಲುಗಳಲ್ಲಿ ದಿಕ್ಸೂಚಿಯ ಸಲುವಾಗಿ ಕಾಂತಮಾಪಕವೊಂದು ಅಡಗಿರುತ್ತದೆ. ಭೂಮಿಯ ಕಾಂತಕ್ಷೇತ್ರವು ಭೂಮೇಲ್ಮೈಯಲ್ಲಿ ಸ್ಥಳದಿಂದ ಸ್ಥಳಕ್ಕೆ ಸುಮಾರು 25ರಿಂದ 65 ಮೈಕ್ರೊಟೆಸ್ಲಾಗಳಷ್ಟಿದೆ. ಅದನ್ನು ಅಳೆಯಬಲ್ಲ ಉಪಕರಣಕ್ಕೆ ದಂಡಕಾಂತವನ್ನು ಅಳೆಯುವುದು ಕಷ್ಟವಲ್ಲ. ಬರೆದಿಟ್ಟ ಚಿತ್ರದ ಬದಲು ಆ ಮಾಪಕದ ಅಳತೆಯನ್ನೇ ನೋಟದ ಮೇಲೆ ಹೊದಿಸಿದರೆ, ಮರದ ತುಂಡು ಮರದ ತುಂಡಾಗಿಯೇ ಉಳಿಯುತ್ತದೆ.

ಸೌರವ್ಯೂಹದ ಪಾಠದಲ್ಲಿ ಸುಳ್ಳು ಇನ್ನೂ ಸೂಕ್ಷ್ಮ. ಮೇಜಿನ ಮೇಲೆ ಗ್ರಹಗಳೆಲ್ಲ ಕೈಯಳತೆಯಲ್ಲಿ ತಿರುಗುವ ದೃಶ್ಯವು ಆಕರ್ಷಕವಾದರೂ, ಸೂರ್ಯನನ್ನು 22 ಸೆಂಟಿಮೀಟರಿನ ಕಾಲ್ಚೆಂಡೆಂದು ಕಲ್ಪಿಸಿದರೆ ಭೂಮಿಯು 2 ಮಿಲಿಮೀಟರಿನ ಕಾಳಾಗಿ ಸುಮಾರು 24 ಮೀಟರ್ ದೂರದಲ್ಲಿರಬೇಕು. ನೆಪ್ಚೂನ್ 700 ಮೀಟರಿಗೂ ಆಚೆ. ತರಗತಿಯ ಕೋಣೆಯಲ್ಲಿ ಇದು ಹಿಡಿಸದು. ಆದರೆ ಆಟದ ಬಯಲಿನಲ್ಲಿ ಚೆಂಡನ್ನಿಟ್ಟು, ಭೂಮಿಯನ್ನು ಅದರ ನಿಜವಾದ ಅನುಪಾತದಲ್ಲಿ ತೆರೆಯು ತೋರಿಸುವಂತೆ ಮಾಡಿದರೆ ವಿದ್ಯಾರ್ಥಿ ಅಷ್ಟು ದೂರ ನಡೆದು ಹೋಗಿ ಕಾಳನ್ನು ಹುಡುಕಬೇಕಾಗುತ್ತದೆ. ಈ ಸಾಧನದಿಂದ ಮಾತ್ರ ಸಾಧ್ಯವಾಗುವ ಪಾಠವೆಂದರೆ ಇಂಥದು. ನೀರಿನ ಅಣುವಿನಲ್ಲಿ ಎರಡು ಬಂಧಗಳ ನಡುವಿನ ಕೋನವು 104.5 ಡಿಗ್ರಿ ಎಂಬುದನ್ನು ಸುತ್ತಲೂ ತಿರುಗಿ ನೋಡುವುದು ಲಾಭವೇ. ಆಮ್ಲಜನಕದ ಪರಮಾಣು ಕೆಂಪಗಿದೆಯೆಂದು ನಂಬಿ ಮನೆಗೆ ಹೋಗುವುದು ನಷ್ಟ.

ಕಳೆದ ಎರಡು ದಶಕಗಳ ಅಧ್ಯಯನಗಳ ಒಟ್ಟು ಒಲವು ಈ ಸಾಧನದ ಪರವಾಗಿದೆ, ಆದರೆ ಮಿತವಾಗಿ. ಕಲಿಕೆಯಲ್ಲಿ ಮಧ್ಯಮ ಪ್ರಮಾಣದ ಅನುಕೂಲ ಕಂಡಿದೆ. ಅದರಲ್ಲಿ ಹೊಸತನದ ಬೆರಗಿನ ಪಾಲೆಷ್ಟು ಎಂಬುದು ವಿವಾದದಲ್ಲಿದೆ. ಇದಕ್ಕಿಂತ ಹೆಚ್ಚಿನದನ್ನು ಹೇಳುವ ಮಾರಾಟಗಾರರ ಕೈಪಿಡಿಗಳನ್ನು ನಾವು ಬದಿಗಿಡಬಹುದು.

ಅಹಮದಾಬಾದಿಗೆ ಬರೋಣ. ಸದರ್ಲ್ಯಾಂಡರ ಪ್ರಬಂಧವು ಸ್ಯಾನ್ ಫ್ರಾನ್ಸಿಸ್ಕೊದ ಗಣಕ ಸಮ್ಮೇಳನದಲ್ಲಿ ಮಂಡಿತವಾದ ಅದೇ 1968ರ ಡಿಸೆಂಬರಿನ 22ರಂದು, ಬೆಂಗಳೂರಿನಿಂದ ಬಂದಿದ್ದ ಸಿ. ವಿ. ರಾಮನ್ ಅವರು ಅಹಮದಾಬಾದಿನಲ್ಲಿ ಸಮುದಾಯ ವಿಜ್ಞಾನ ಕೇಂದ್ರದ ಶಂಕುಸ್ಥಾಪನೆಯ ಸಂದರ್ಭದಲ್ಲಿ ಆಕಾಶವೇಕೆ ನೀಲಿ ಎಂಬ ವಿಷಯದ ಮೇಲೆ ಮಾತನಾಡಿದರು. ಕೇಂದ್ರದ ರೂವಾರಿ ವಿಕ್ರಮ್ ಸಾರಾಭಾಯಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರಾಮನ್ನರ ಬಳಿ ವಿಶ್ವಕಿರಣಗಳ ಬಗ್ಗೆ ಸಂಶೋಧನೆ ನಡೆಸಿದವರು. ಈಗ ಆ ಕೇಂದ್ರವು ಅವರ ಹೆಸರನ್ನೇ ಹೊತ್ತಿದೆ. ತಲೆಯೆತ್ತಿ ಆಕಾಶವನ್ನು ನೋಡಿ, ಕಂಡದ್ದನ್ನು ಕುರಿತು ಪ್ರಶ್ನೆ ಕೇಳಿ ಎಂಬುದು ರಾಮನ್ನರ ಉಪನ್ಯಾಸದ ಧೋರಣೆ. ಒಂದೇ ತಿಂಗಳಲ್ಲಿ ಒಂದು ಕಡೆ ಕಣ್ಣಿನ ಮೇಲೆ ಯಂತ್ರವನ್ನು ತೂಗುಹಾಕಿದ ಪ್ರಯೋಗ, ಇನ್ನೊಂದು ಕಡೆ ಬರಿಗಣ್ಣಿನ ಪರವಾದ ವಾದ. ಇವೆರಡನ್ನೂ ಎದುರುಬದುರು ನಿಲ್ಲಿಸಬೇಕಾಗಿಲ್ಲ. ಅರದ ಪುಡಿಯ ಅನುಕ್ರಮವನ್ನು ಹೇಳುವಾಗ ನಮ್ಮ ಮನಸ್ಸಿನಲ್ಲಿದ್ದದ್ದು ಈ ಎರಡನೆಯ ಪರಂಪರೆ. ಇಂದು ನಗರದ ಹೊರವಲಯದ ಸೈನ್ಸ್ ಸಿಟಿಯಲ್ಲಿ 2021ರಲ್ಲಿ ತೆರೆದ ರೋಬೊಟಿಕ್ಸ್ ಮತ್ತು ಜಲಚರ ಗ್ಯಾಲರಿಗಳು ಶಾಲಾಮಕ್ಕಳನ್ನು ಗುಂಪುಗುಂಪಾಗಿ ಸೆಳೆಯುತ್ತಿವೆ.

ಆದರೆ ನಮ್ಮ ವಿಷಯಕ್ಕೆ ಅಹಮದಾಬಾದಿನ ನಿಜವಾದ ಕೊಡುಗೆ ಬೇರೆಯದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವನ್ನು, ಸೈಟ್ ಎಂಬ ಅದರ ಇಂಗ್ಲಿಷ್ ಸಂಕ್ಷಿಪ್ತನಾಮದಲ್ಲಿ, ಹಿರಿಯ ಓದುಗರು ಬಲ್ಲರು. ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾದ ಕನ್ನಡದ ಪಾಠವು ಅಹಮದಾಬಾದಿನ ಭೂಕೇಂದ್ರದಿಂದ ಆಕಾಶಕ್ಕೇರಿ, ತಂತಿಬಲೆಯ 3 ಮೀಟರ್ ಅಗಲದ ಛತ್ರಿಗಳ ಮೂಲಕ ಕೃಷ್ಣೆ-ಭೀಮೆಯರ ಸೀಮೆಯ ಶಾಲೆಗಳಿಗೆ ಇಳಿಯುತ್ತಿತ್ತು. ಬೆಳಗಿನ ಒಂದೂವರೆ ಗಂಟೆ ಶಾಲಾಮಕ್ಕಳಿಗೆ ಮೀಸಲು. ಹಿಂದಿ, ಒಡಿಯಾ, ತೆಲುಗು, ಕನ್ನಡ ಎಂಬ ನಾಲ್ಕು ಭಾಷೆಗಳಿಗೆ ತಲಾ ಇಪ್ಪತ್ತೆರಡೂವರೆ ನಿಮಿಷ. ಅದೇ ಅವಧಿಯಲ್ಲಿ ಸುಮಾರು 50 ಸಾವಿರ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ನಡೆಯಿತು. ಗುಜರಾತಿನಲ್ಲಿ ಕನ್ನಡದ ವಿಜ್ಞಾನದ ಮಾತು ಎಂಬುದು ಇಂದಿನ ಕಲ್ಪನೆಯಲ್ಲ. ಅರ್ಧ ಶತಮಾನದ ಹಿಂದೆ ಅದು ಅಲ್ಲಿಂದಲೇ ಪ್ರಸಾರವಾಗುತ್ತಿತ್ತು.

ಆ ಪ್ರಯೋಗದ ತಾಂತ್ರಿಕ ರಚನೆಯಲ್ಲಿ ನಮಗೆ ಬೇಕಾದ ಒಂದು ಅಂಶವಿದೆ. ಉಪಗ್ರಹದ ಪ್ರಸಾರದಲ್ಲಿ ಒಂದು ಚಿತ್ರವಾಹಿನಿಯೊಂದಿಗೆ ಎರಡು ಧ್ವನಿವಾಹಿನಿಗಳಿಗೆ ಅವಕಾಶವಿತ್ತು. ಅಂದರೆ ಒಂದೇ ಚಿತ್ರವನ್ನು ಎರಡು ಭಾಷೆಗಳಲ್ಲಿ ಕೇಳಿಸಬಹುದಾಗಿತ್ತು. ಚಿತ್ರ ಮತ್ತು ಮಾತು ಬೇರ್ಪಡಿಸಬಲ್ಲ ಎರಡು ಪದರಗಳು ಎಂಬ ತಿಳಿವಳಿಕೆ ಯಂತ್ರದಲ್ಲಿಯೇ ಸೇರಿತ್ತು. ಈಗಿನ ವರ್ಧಿತ ವಾಸ್ತವದ ಪಾಠಗಳಲ್ಲಿ ಆ ತಿಳಿವಳಿಕೆ ಹಿಂದೆ ಸರಿದಿರುವುದೇ ನಮ್ಮ ಆಕ್ಷೇಪದ ತಿರುಳು; ಅದಕ್ಕೆ ಮುಂದೆ ಬರುತ್ತೇವೆ.

ಸೈಟ್ ಇನ್ನೊಂದು ಎಚ್ಚರವನ್ನೂ ಉಳಿಸಿಹೋಯಿತು. ಒಂದು ವರ್ಷ ತುಂಬಿದಾಗ ಎರವಲು ತಂದ ಉಪಗ್ರಹವನ್ನು ಹಿಂತಿರುಗಿಸಬೇಕಾಯಿತು. ಪರರ ಸಾಧನದ ಮೇಲೆ ಕಟ್ಟಿದ ಪಾಠಕ್ಕೆ ಪರರೇ ಅವಧಿ ನಿಗದಿಮಾಡುತ್ತಾರೆ. ಗೂಗಲ್ ಸಂಸ್ಥೆಯು ಶಾಲೆಗಳಿಗಾಗಿ ನಡೆಸುತ್ತಿದ್ದ ಎಕ್ಸ್‌ಪೆಡಿಷನ್ಸ್ ಎಂಬ ವ್ಯವಸ್ಥೆ 2021ರ ಜೂನ್ ತಿಂಗಳಲ್ಲಿ ನಿಂತಿತು. 2020ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು ಫೇಸ್‌ಬುಕ್ ಸಂಸ್ಥೆಯೊಡನೆ ಸೇರಿ ಶಿಕ್ಷಕರಿಗೆ ವರ್ಧಿತ ವಾಸ್ತವದ ತರಬೇತಿಯನ್ನು ಪ್ರಕಟಿಸಿತು, ಮೊದಲ ಹಂತದ ಗುರಿ 10 ಸಾವಿರ ಶಿಕ್ಷಕರು. ಅದೇ ಸಂಸ್ಥೆಯ ಸ್ಪಾರ್ಕ್ ಎಆರ್ ವೇದಿಕೆಯನ್ನು, ಮೆಟಾ ಎಂದು ಹೆಸರು ಬದಲಿಸಿಕೊಂಡ ಬಳಿಕ, 2025ರ ಜನವರಿ 14ರಂದು ಹೊರಗಿನವರಿಗೆ ಮುಚ್ಚಲಾಯಿತು. ಓಲೆಗರಿಯ ಹಸ್ತಪ್ರತಿಗಳೊಡನೆ ಬದುಕು ಕಳೆದ ನಮಗೆ ಐದು ವರ್ಷವೂ ಬಾಳದ ಪಠ್ಯವೆಂಬುದು ವಿಚಿತ್ರವಾಗಿ ಕಂಡರೆ ಓದುಗರು ಕ್ಷಮಿಸಬೇಕು.

ವಡೋದರಾ ನಗರಕ್ಕೂ ಕನ್ನಡ ನಾಡಿಗೂ ಇರುವ ನಂಟನ್ನು ಶಾಸನಾಭ್ಯಾಸಿಗಳಿಗೆ ಹೇಳಬೇಕಾಗಿಲ್ಲ. ಮಾನ್ಯಖೇಟದ ರಾಷ್ಟ್ರಕೂಟರ ಲಾಟ ಶಾಖೆಯ ಕರ್ಕರಾಜನ ತಾಮ್ರಶಾಸನಗಳಲ್ಲಿ ಒಂದು, ಕ್ರಿ.ಶ. 812ರದು, ಬರೋಡೆಯ ಹೆಸರಿನಿಂದಲೂ, 821ರ ಇನ್ನೊಂದು ಸೂರತ್ತಿನ ಹೆಸರಿನಿಂದಲೂ ಪ್ರಸಿದ್ಧವಾಗಿವೆ. ಅವುಗಳ ಭಾಷೆ ಸಂಸ್ಕೃತ. ನಮಗಿಲ್ಲಿ ಹೆಚ್ಚು ಪ್ರಸ್ತುತವಾದದ್ದು 1890ರಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ವಡೋದರಾದಲ್ಲಿ ಆರಂಭವಾದ ಕಲಾಭವನ. ಸೂರತ್ತಿನಲ್ಲಿ ಹುಟ್ಟಿದ ರಸಾಯನ ವಿಜ್ಞಾನಿ ತ್ರಿಭುವನದಾಸ ಕಲ್ಯಾಣದಾಸ ಗಜ್ಜರ್ ಅದರ ಪ್ರವರ್ತಕರು. ಬಣ್ಣಗಾರಿಕೆ, ಯಂತ್ರವಿದ್ಯೆ ಮುಂತಾದ ವಿಷಯಗಳನ್ನು ಅಲ್ಲಿ ದೇಶಭಾಷೆಯಲ್ಲಿ ಕಲಿಸಬೇಕೆಂಬುದು ಅವರ ನಿಲುವಾಗಿತ್ತು. ಅದಕ್ಕೆ ತಕ್ಕ ಪಠ್ಯಗಳನ್ನೂ ಪರಿಭಾಷೆಯನ್ನೂ ಸಿದ್ಧಪಡಿಸುವ ಯತ್ನವೂ ಜೊತೆಯಲ್ಲೇ ನಡೆಯಿತು. ಕಲಾಭವನವು ಇಂದು 1949ರಲ್ಲಿ ಸ್ಥಾಪಿತವಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ತಾಂತ್ರಿಕ ವಿಭಾಗವಾಗಿದೆ. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದದ್ದು ಇದಾದ ಮೇಲೆ, 1918-19ರಲ್ಲಿ. ಎರಡೂ ಕಡೆಯವರು ಸಂಸ್ಕೃತದ ಪದರಾಶಿಗೇ ಕೈಹಾಕಿದರು. ಒಂದೇ ಕಣಜದಿಂದ ಅಳೆದರೂ ಬೇರೆ ಬೇರೆ ಪಾತ್ರೆಗಳಿಗೆ ತುಂಬಿಕೊಂಡರು.

ಇದರ ಪರಿಣಾಮವನ್ನು ‘ಧಾತು’ ಎಂಬ ಪದದಲ್ಲಿ ಸ್ಪಷ್ಟವಾಗಿ ಕಾಣಬಹುದು. ವ್ಯಾಕರಣದಲ್ಲಿ ಧಾತುವೆಂದರೆ ಕ್ರಿಯೆಯ ಮೂಲ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅದಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಆಯುರ್ವೇದದಲ್ಲಿ ಶರೀರವನ್ನು ಧರಿಸುವ ಏಳು ಧಾತುಗಳು. ರಸಶಾಸ್ತ್ರದಲ್ಲಿ ಚಿನ್ನ, ಬೆಳ್ಳಿ, ತಾಮ್ರಾದಿಗಳು. ಕನ್ನಡದ ಶಾಲಾಪಠ್ಯವು ಮೂಲವೆಂಬ ಅರ್ಥವನ್ನು ಹಿಡಿದು, ಇಂಗ್ಲಿಷಿನ ಎಲಿಮೆಂಟ್ ಎಂಬುದಕ್ಕೆ ಧಾತುವೆಂದಿತು. ಮೆಟಲ್ ಎಂಬುದಕ್ಕೆ ಲೋಹವೆಂದಿತು. ಗುಜರಾತಿಯು ರಸಶಾಸ್ತ್ರದ ಅರ್ಥವನ್ನು ಹಿಡಿದು ಲೋಹಕ್ಕೆ ಧಾತುವೆಂದಿತು, ಎಲಿಮೆಂಟಿಗೆ ತತ್ತ್ವವೆಂದಿತು. ಎರಡೂ ಸಾಧುವೇ. ಆದರೆ ಗಂಧಕದ ತುಂಡೊಂದನ್ನು ಮೇಜಿನ ಮೇಲಿಡೋಣ. ಗುಜರಾತಿಯ ಪಾಠದಲ್ಲಿ ಅದು ‘ಅಧಾತು’. ಕನ್ನಡದ ಪಾಠದಲ್ಲಿ ಅದು ಅಲೋಹ, ಆದರೆ ಖಂಡಿತವಾಗಿಯೂ ‘ಧಾತು’. ಒಂದೇ ವಸ್ತು, ಒಂದೇ ಪದ. ಒಂದು ಭಾಷೆ ಹೌದೆನ್ನುತ್ತದೆ, ಇನ್ನೊಂದು ಅಲ್ಲವೆನ್ನುತ್ತದೆ.

ಶಾಲೆಯಲ್ಲಿ ಗುಜರಾತಿಯಲ್ಲಿ ಕಲಿತು, ಮನೆಯಲ್ಲಿ ಊರಿನಿಂದ ತರಿಸಿದ ಕನ್ನಡ ಪುಸ್ತಕವನ್ನು ಓದುವ ಮಗುವಿಗೆ ಇದು ತೊಡಕೇ. ಪುಸ್ತಕದಲ್ಲಾದರೆ ಹಿಂದುಮುಂದಿನ ವಾಕ್ಯಗಳು ಅರ್ಥವನ್ನು ಹಿಡಿದು ನಿಲ್ಲಿಸುತ್ತವೆ. ಗಾಳಿಯಲ್ಲಿ ತೇಲುವ ಹೆಸರುಪಟ್ಟಿಗೆ ಹಿಂದುಮುಂದಿಲ್ಲ. ಅದು ಒಂಟಿ ಪದ. ಲಿಪಿಯನ್ನು ಮಾತ್ರ ಬದಲಿಸಿ, ಎರಡೂ ಸಂಸ್ಕೃತವೇ ತಾನೆ ಎಂದು ಒಂದು ಭಾಷೆಯ ಪಟ್ಟಿಯನ್ನು ಇನ್ನೊಂದಕ್ಕೆ ದಾಟಿಸಿದರೆ ತಪ್ಪು ವಸ್ತುವಿನ ಮೈಮೇಲೆಯೇ ಅಂಟಿಕೊಳ್ಳುತ್ತದೆ. ಹಿಂದಿಯೊಡನೆಯೂ ಇಂಥದೇ ತೊಂದರೆ: ನಮ್ಮ ಪಠ್ಯದ ‘ಶಕ್ತಿ’ ಎನರ್ಜಿ, ಹಿಂದಿಯ ‘ಶಕ್ತಿ’ ಪವರ್, ಹಿಂದಿಯಲ್ಲಿ ಎನರ್ಜಿಗೆ ಊರ್ಜಾ. ‘ಕಾಂತಕ್ಷೇತ್ರ’ ಮತ್ತು ಗುಜರಾತಿಯ ‘ಚುಂಬಕೀಯ ಕ್ಷೇತ್ರ’ ಇವುಗಳಲ್ಲಿ ಅಪಾಯವಿಲ್ಲ, ಭೇದ ಕಣ್ಣಿಗೆ ಕಾಣುತ್ತದೆ. ಹೆಚ್ಚು ಜಾಗ್ರತೆ ಬೇಕಾದದ್ದು ಸಮಾನವಾಗಿ ಕಾಣುವ ಪದಗಳಲ್ಲಿ.

ಸೂರತ್ತಿನಲ್ಲಿ ಈ ಪ್ರಶ್ನೆ ಕನ್ನಡಿಗರ ಮನೆಗಳಿಗೆ ಸೀಮಿತವಾಗಿಲ್ಲ. ಮಗ್ಗ ಮತ್ತು ವಜ್ರದ ಕೆಲಸವನ್ನರಸಿ ದೇಶದ ಹಲವು ಭಾಗಗಳಿಂದ ಜನ ಬಂದು ನೆಲೆಸಿದ ಊರು ಅದು. ಅಲ್ಲಿನ ಮಹಾನಗರಪಾಲಿಕೆಯ ಪ್ರಾಥಮಿಕ ಶಾಲೆಗಳು ಗುಜರಾತಿ, ಮರಾಠಿ, ಹಿಂದಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್ ಎಂಬ ಏಳು ಮಾಧ್ಯಮಗಳಲ್ಲಿ ನಡೆಯುತ್ತವೆ. ಭಾರತದ ಯಾವುದೇ ನಗರಕ್ಕೂ ಇದು ಗೌರವ ತರುವ ವ್ಯವಸ್ಥೆಯೆಂದು ನಾವು ಭಾವಿಸುತ್ತೇವೆ. ಪಟ್ಟಿಯಲ್ಲಿ ಕನ್ನಡವಿಲ್ಲ. ಹಿಂದಿ, ಒಡಿಯಾ, ತೆಲುಗು ಇವೆ. ಸೈಟ್ ಪ್ರಯೋಗದ ನಾಲ್ಕು ಭಾಷೆಗಳಲ್ಲಿ ಮೂರು ಈಗ ಒಂದೇ ಪಾಲಿಕೆಯ ಛಾವಣಿಯಡಿ ಕುಳಿತಿವೆ. ಪಾಲಿಕೆಯದೇ ಆದ ವಿಜ್ಞಾನ ಕೇಂದ್ರವೊಂದು ತಾರಾಲಯ ಸಹಿತವಾಗಿ ಊರಿನಲ್ಲಿದೆ. ಇಂಥ ಊರಿಗೆ ಹೃದಯದ ಕವಾಟಗಳನ್ನು ತೋರಿಸುವ ಒಂದು ವರ್ಧಿತ ಪಾಠವನ್ನು ಸಿದ್ಧಪಡಿಸಬೇಕೆಂದರೆ ಹೃದಯವನ್ನು ಏಳು ಬಾರಿ ಬರೆಯಬೇಕಾಗಿಲ್ಲ. ಒಂದು ಹೃದಯ, ಏಳು ಹೆಸರುಪಟ್ಟಿಗಳು ಸಾಕು. ಎಂಟನೆಯದಾಗಿ ಕನ್ನಡವನ್ನು ಸೇರಿಸಲು ಪಾಲಿಕೆಯ ಖಜಾನೆಯಿಂದ ಏನೂ ಖರ್ಚಾಗದು, ಕೆಲಸ ಬಲ್ಲವರೊಬ್ಬರ ಒಂದು ವಾರದ ಶ್ರಮ ಮಾತ್ರ.

ಹಾಗಿದ್ದೂ ವಾಡಿಕೆಯಲ್ಲಿ ಇದೇಕೆ ಆಗುತ್ತಿಲ್ಲ? ಕಾರಣ ಕೇವಲ ಉದಾಸೀನವಲ್ಲ. ಇಂಥ ಪಾಠಗಳನ್ನು ಕಟ್ಟಲು ಹೆಚ್ಚಾಗಿ ಬಳಸುವ ಯೂನಿಟಿ ಎಂಬ ತಂತ್ರಾಂಶದ ಅಕ್ಷರಭಾಗವು ಬಹುಕಾಲ ರೋಮನ್ ಲಿಪಿಯ ಸ್ವಭಾವವನ್ನಷ್ಟೇ ಬಲ್ಲುದಾಗಿತ್ತು. ರೋಮನ್‌ನಲ್ಲಿ ಅಕ್ಷರದ ಪಕ್ಕ ಅಕ್ಷರ ಬಂದರೆ ಕೆಲಸ ಮುಗಿಯಿತು. ನಮ್ಮಲ್ಲಿ ಒತ್ತಕ್ಷರವು ಕೆಳಗಿಳಿಯಬೇಕು, ಗುಣಿತದ ಚಿಹ್ನೆಯು ಅಕ್ಷರಕ್ಕೆ ಬೆಸೆದುಕೊಳ್ಳಬೇಕು. ಆ ಬೆಸುಗೆಯ ನಿಯಮಗಳನ್ನು ಪಾಲಿಸದ ತಂತ್ರಾಂಶದಲ್ಲಿ ‘ಕ್ಷೇತ್ರ’ ಎಂಬುದು ‘ಕ್‌ಷೇತ್‌ರ’ ಎಂದೂ ‘ವಿಜ್ಞಾನ’ ಎಂಬುದು ‘ವಿಜ್‌ಞಾನ’ ಎಂದೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ಗುಜರಾತಿಯ ಸಂಯುಕ್ತಾಕ್ಷರಗಳಿಗೂ ಇದೇ ಗತಿ. ಇದರಿಂದ ಪಾರಾಗಲು ತಯಾರಕರು ಕಂಡುಕೊಂಡ ಉಪಾಯವೆಂದರೆ ಪದವನ್ನು ಬೇರೆಡೆ ಸರಿಯಾಗಿ ಬರೆದು, ಅದರ ಚಿತ್ರವನ್ನು ತೆಗೆದು ಆಕೃತಿಯ ಮೇಲೆ ಅಂಟಿಸುವುದು. ನೋಡಲು ಪದ ಸರಿಯಾಗಿರುತ್ತದೆ. ಆದರೆ ಅದು ಪದವಾಗಿ ಉಳಿದಿರುವುದಿಲ್ಲ, ಚಿತ್ರದ ಭಾಗವಾಗಿರುತ್ತದೆ. ಬೇರೊಂದು ಭಾಷೆಯವರು ಅದನ್ನು ತೆಗೆದು ತಮ್ಮದನ್ನು ಇಡುವಂತಿಲ್ಲ, ತಪ್ಪಿದ್ದರೆ ತಿದ್ದುವಂತಿಲ್ಲ, ಅಂಧ ವಿದ್ಯಾರ್ಥಿಗೆ ಯಂತ್ರವು ಅದನ್ನು ಓದಿ ಹೇಳುವಂತೆಯೂ ಇಲ್ಲ. ಇನ್ನು ಕೆಲವರು ಈ ತಲೆನೋವೇ ಬೇಡವೆಂದು ಇಂಗ್ಲಿಷಿನಲ್ಲಿಯೇ ಬಿಟ್ಟುಬಿಡುತ್ತಾರೆ. 1975ರಲ್ಲಿ ಎರಡು ಧ್ವನಿವಾಹಿನಿಗಳಾಗಿ ಬೇರೆಯಿದ್ದದ್ದು ಹೀಗೆ ಮತ್ತೆ ಒಂದಾಗಿ ಗಟ್ಟಿಗೊಳ್ಳುತ್ತಿದೆ.

ಪರಿಹಾರ ದುಸ್ಸಾಧ್ಯವಲ್ಲ. ಭಾರತೀಯ ಲಿಪಿಗಳ ಬೆಸುಗೆಯನ್ನು ಸರಿಯಾಗಿ ಮಾಡುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಬಹಳ ವರ್ಷಗಳಿಂದ ಲಭ್ಯವಿದೆ. ಮೊಬೈಲಿನ ಸಾಮಾನ್ಯ ಸಂದೇಶಗಳು ಕನ್ನಡದಲ್ಲಿ ಚೆನ್ನಾಗಿ ಕಾಣುವುದೇ ಅಂಥ ಏರ್ಪಾಟಿನಿಂದ. ಶಾಲೆಗಳಿಗೆ ಇಂಥ ಪಾಠಗಳನ್ನು ಕೊಳ್ಳುವ ಸರ್ಕಾರಿ ಇಲಾಖೆಗಳು, ಹೆಸರುಪಟ್ಟಿಯು ಚಿತ್ರದಿಂದ ಬೇರೆಯಾದ ಕಡತದಲ್ಲಿ ಯೂನಿಕೋಡ್ ಅಕ್ಷರಗಳಲ್ಲಿಯೇ ಇರಬೇಕೆಂದು ಕರಾರಿನಲ್ಲಿ ಒಂದು ವಾಕ್ಯ ಸೇರಿಸಿದರೆ ಅರ್ಧ ಕೆಲಸವಾದಂತೆ. ಉಳಿದ ಅರ್ಧ ನಮ್ಮಂಥವರದು. ಎಂಟರಿಂದ ಹತ್ತನೆಯ ತರಗತಿಯವರೆಗಿನ ವಿಜ್ಞಾನದ ಪದಗಳನ್ನು ಕನ್ನಡ, ಗುಜರಾತಿ, ಹಿಂದಿಗಳಲ್ಲಿ ಎದುರುಬದುರಾಗಿಟ್ಟು, ರೂಪ ಒಂದೇ ಆಗಿದ್ದು ಅರ್ಥ ಬೇರೆಯಾದವುಗಳಿಗೆ ನಕ್ಷತ್ರದ ಗುರುತು ಹಾಕಿ, ಯಾರು ಬೇಕಾದರೂ ಬಳಸುವಂತೆ ಬಿಡಬೇಕು. ಪಟ್ಟಿಯನ್ನು ಪೀಠದಲ್ಲಿ ಆರಂಭಿಸಿದ್ದೇವೆ. ‘ಧಾತು’ ಮತ್ತು ‘ಶಕ್ತಿ’ಗಳಿಗೆ ನಕ್ಷತ್ರ ಬಿದ್ದಿದೆ, ‘ಅಣು’, ‘ಪರಮಾಣು’ಗಳು ಮೂರೂ ಭಾಷೆಗಳಲ್ಲಿ ಹೊಂದಿಕೊಂಡಿವೆ. ಕನ್ನಡದ ‘ಜೀವಕೋಶ’ಕ್ಕೆ ಗುಜರಾತಿಯು ‘ಕೋಷ’ವೆಂದಷ್ಟೇ ಹೇಳುವುದರಿಂದ, ವಿದ್ಯುತ್ಕೋಶದ ಪಾಠ ಬಂದಾಗ ಏನು ಮಾಡಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಸೂರತ್, ವಡೋದರಾ, ಅಹಮದಾಬಾದುಗಳಲ್ಲಿ ವಿಜ್ಞಾನ ಬೋಧಿಸುತ್ತಿರುವ, ಕನ್ನಡವನ್ನೂ ಗುಜರಾತಿಯನ್ನೂ ಬಲ್ಲ ಶಿಕ್ಷಕರ ಅಭಿಪ್ರಾಯ ಈ ಹಂತದಲ್ಲಿ ನಮಗೆ ಅತ್ಯಗತ್ಯವಾಗಿದೆ.